ಫ್ಲಾಟ್

ಆ ಸೀಮೆಯಲ್ಲಿ ಗುಡ್ಡವಿಲ್ಲ.
ಹತ್ತು ಮೈಲಿಯಾಚೆಯ ಚರ್ಚಿನ ಗೋಪುರ
ಊಟವಾದ ಮೇಲೆ ಎತ್ತಿಡಲು ಮರೆತ
ಉಪ್ಪಿನ ಕುಪ್ಪಿಯಂತೆ ಕಾಣುತ್ತದೆ.
ಇಂಗ್ಲೆಂಡಿನ ಪೂರ್ವದಂಚು. ಜೌಗನ್ನು
ಬಸಿದು ಬಸಿದು ಮಾಡಿಕೊಂಡ ಕರಿನೆಲ.
ನದಿ ಮೇಲೆ, ಹೊಲ ಕೆಳಗೆ;
ದೋಣಿಯವನು ಬಗ್ಗಿದರೆ
ಮನೆಗಳ ನೆತ್ತಿ ಕಾಣುತ್ತದೆ.
‘ನಮ್ಮದು ಫ್ಲಾಟ್’ ಎನ್ನುತ್ತಾರೆ ಅಲ್ಲಿಯವರು.
ಪರವೂರವರು ಅಂದರೆ ಬೈಗುಳ,
ತಾವೇ ಅಂದುಕೊಂಡರೆ ಬಿರುದು.

ನಮ್ಮ ನುಡಿಯಲ್ಲಾದರೆ
ನೆಲ ಮಟ್ಟಸ, ಮೂಗು ಚಪ್ಪಟೆ,
ಮಾತು ಸಪ್ಪೆ, ಶ್ರುತಿ ಇಳಿದದ್ದು.
ಒಂದೊಂದು ಸೋಲಿಗೂ ಒಂದೊಂದು ಹೆಸರಿಟ್ಟು
ತೊಟ್ಟಿಲು ತೂಗಿದ್ದೇವೆ.
ಅವರದು ಬಡತನವೋ, ಜಿಪುಣತನವೋ,
ಎಲ್ಲಕ್ಕೂ ಇದೊಂದೇ ಪದ;
ಇರುವ ಒಂದೇ ಕೋಟನ್ನು
ಮದುವೆಗೂ ಮಣ್ಣಿಗೂ ತೊಟ್ಟು ಹೋಗುವವರ ಹಾಗೆ.

ಪಿಯಾನೋ ಶ್ರುತಿ ಮಾಡುವ ಅಂಬ್ರೋಸ್ ಸೆಚೆಲ್
ಆ ಗುರುವಾರ ಬೆಳಗಿನಿಂದ
ಈ ಪದದ ಮೇಲೇ ಕಾಲಿಡುತ್ತ ಬಂದ.
ವ್ಯಾನಿನ ಹಿಂದಿನ ಟೈರು ಫ್ಲಾಟ್.
ಯಾರನ್ನಾದರೂ ಕರೆಯೋಣವೆಂದರೆ
ಫೋನಿನ ಬ್ಯಾಟರಿ ಫ್ಲಾಟ್.
ಹಾಳಾಗಲಿ ಎಂದು ಪಬ್ಬಿಗೆ ಹೊಕ್ಕರೆ
ಬಿಯರೂ ಫ್ಲಾಟ್, ನೊರೆಯ ಸುಳಿವಿಲ್ಲ.
‘ಪೀಪಾಯಿಯ ತಳದ್ದು’ ಎಂದಳು ಹುಡುಗಿ,
ಏರಿಲ್ಲದೆ, ಇಳಿವಿಲ್ಲದೆ,
ಇಸ್ತ್ರಿ ಮಾಡಿಟ್ಟಂಥ ದನಿಯಲ್ಲಿ.
ಉಳಿದ ಎರಡು ಮೈಲಿ ನಡೆದ,
ಹೆಗಲಿಗೆ ಕೀಲಿಗಳ ಚೀಲ.
ನಡೆದಷ್ಟೂ ಅಲ್ಲಿ ಏನೂ ಹತ್ತಿರವಾಗುವುದಿಲ್ಲ,
ಎಲ್ಲ ಮೊದಲೇ ಕಂಡುಬಿಟ್ಟಿರುತ್ತದೆ.

ಮ್ಯೂರಿಯಲ್ ಥರ್ಟಲಳಿಗೆ ಎಂಬತ್ತೊಂದು.
ಮನೆ ಎಡಕ್ಕೆ ವಾಲಿದೆ.
ನೀರು ಹೋದ ಮಣ್ಣು ಒಣಗಿ, ಕುಗ್ಗಿ,
ಗಾಳಿಗೆ ಅಷ್ಟು ಹಾರಿ,
ವರುಷಕ್ಕೆ ಹೆಬ್ಬೆರಳಗಲ ಇಳಿಯುತ್ತದೆ ನೆಲ.
ಅವಳು ಮದುವೆಯಾಗಿ ಬಂದಾಗ
ಬಾಗಿಲಿಗೆ ಮೆಟ್ಟಿಲು ಒಂದೇ ಇತ್ತಂತೆ.
ಈಗ ಮೂರು.
ಪಿಯಾನೋದ ಒಂದು ಕಾಲಡಿ
ಮಡಚಿಟ್ಟ ಹಳೆಯ ಬೀಜದ ಕ್ಯಾಟಲಾಗು.

ಕವಲುಕಡ್ಡಿಯನ್ನು ಮಂಡಿಗೆ ಬಡಿದು
ಕಿವಿಗೆ ಹಿಡಿದ. ಒಂದು ಮನೆ ಒತ್ತಿದ.
ಇನ್ನೊಂದು. ಮತ್ತೊಂದು.
‘ಫ್ಲಾಟ್, ಮಿಸೆಸ್ ಥರ್ಟಲ್. ಅರ್ಧ ಸ್ವರ ಕೆಳಗೆ ಕೂತಿದೆ.
ಸೋಜಿಗವೆಂದರೆ, ಅಷ್ಟೂ ತಂತಿ ಸಮಸಮ ಇಳಿದಿವೆ,
ಕೈ ಕೈ ಹಿಡಿದು ಇಳಿದ ಹಾಗೆ.
ಎರಡು ತಾಸು ಕೊಡಿ, ಮೇಲಕ್ಕೆತ್ತುತ್ತೇನೆ.’

‘ಬೇಡ.’

ಈ ಬೇಡಕ್ಕೂ ಅವರಲ್ಲಿ ಅದೇ ವಿಶೇಷಣ:
ಅಂಚಿಲ್ಲದ, ಸಂದಿಲ್ಲದ,
ಉಗುರು ತೂರದ ಬೇಡ.

‘ಮತ್ತೆ ಕರೆಸಿದ್ದೇಕೆ?’
‘ಕರೆಸಿದ್ದು ನನ್ನ ತಂಗಿ.
ಅವಳಿರುವುದು ಗುಡ್ಡದ ಊರಲ್ಲಿ.’

ಆಮೇಲೆ ಕೂತಳು. ಬೆರಳ ಗಂಟುಗಳನ್ನು
ಮನೆಗಳ ಮೇಲೆ ಇಳಿಬಿಟ್ಟು ಹಾಡಿದಳು.
ದನಿ ಒಡೆದಿತ್ತು, ತಳ ಹತ್ತಿದ ಪಾತ್ರೆ ಕೆರೆದಂತೆ;
ಆದರೆ ತಂತಿಯಿಂದ
ಕೂದಲೆಳೆಯಷ್ಟೂ ಆಚೀಚೆ ಇಲ್ಲ.
ನಲವತ್ತು ವರುಷ,
ತಂತಿ ಇಳಿದಂತೆ ಗಂಟಲು,
ಗಂಟಲು ಇಳಿದಂತೆ ಕಿಟಕಿಯಾಚೆ
ಬೀಟ್‌ರೂಟಿನ ಹೊಲ.

‘ನೀನು ಎತ್ತಿಬಿಟ್ಟರೆ
ನಾನು ಹೇಗಪ್ಪ ಎಟುಕಲಿ?’

ರೂಢಿಯ ಕೈ ಕವಲುಕಡ್ಡಿಯನ್ನು
ಇನ್ನೊಮ್ಮೆ ಮಂಡಿಗೆ ಬಡಿದಿತ್ತು.
ಆ ಕೋಣೆಯಲ್ಲಿ ಅಪಶ್ರುತಿಯೆಂದರೆ
ಅದೊಂದೇ.
ಅಂಗೈಯಲ್ಲಿ ಅಮುಕಿ ಸುಮ್ಮನಾಗಿಸಿದ.

ಟೀ ಕುಡಿದ. ಕಿರುಗುಡುವ ಪೆಡಲಿಗೆ ಎಣ್ಣೆ ಬಿಟ್ಟ.
ಹೊರಡುವ ಮುಂಚೆ ಮೊಣಕಾಲೂರಿ
ಕ್ಯಾಟಲಾಗನ್ನು ಎಳೆದು
ಇನ್ನೊಂದು ಮಡಿಕೆ ಮಡಚಿ
ಕಾಲಡಿಗೆ ದೂಡಿದ.
‘ಈ ವರುಷದ ಇಳಿತಕ್ಕೆ ಸಾಕು’ ಎಂದ.